ಪಲ್ಲಡಂ ರಂಗಸಾಮಿ ತಾವೇ ಅಳಿಸಿದ ಸಾಲು

ಇಲ್ಲ... ಇನ್ನೂ ನಂಬಲಾಗುತ್ತಿಲ್ಲ...

ಬೆಳಿಗ್ಗೆ ರಂಗಸಾಮಿಯವರ ನಂಬರಿನಿಂದಲೇ ಫೋನ್ ಬಂತು.
"ಹೇಳಿ ಸಾರ್" ಎಂದೆ.
ಆ ಕಡೆ ಅವರ ತಂಗಿ...
"ಅಣ್ಣ ಇಲ್ಲ ಸಾರ್... ಹಾರ್ಟ್ ಅಟ್ಯಾಕ್..."

ನಲವತ್ತಾರು ವರ್ಷ. ಅಷ್ಟೇ.

ಈ ಗ್ರೂಪಿನಲ್ಲಿ ಬಹಳ ಜನರಿಗೆ ಅವರು ಗೊತ್ತಿಲ್ಲ.
ಗೊತ್ತಾಗಬೇಕು.
ಅದಕ್ಕೇ ಪಲ್ಲಡಂನಿಂದ ಬಂದವನು ಬಟ್ಟೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ...

ರಂಗಸಾಮಿ ಪಲ್ಲಡಂನವರು. ಪಕ್ಕದ ತಿರುಪ್ಪೂರಿನ ಬನಿಯನ್ ಯೂನಿಟ್‌ಗಳಿಗೆ ಲೇಬಲ್ ಪ್ರಿಂಟ್ ಮಾಡಿಕೊಡುತ್ತಿದ್ದರು.
ಎಷ್ಟೋ ತಲೆಮಾರಿನ ಹಿಂದೆ ಅಲ್ಲಿ ನೆಲೆಸಿದ ಬೇಸಾಯದ ಮನೆತನ.
ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು.
ಕನ್ನಡದ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

ನಾನು ದಾವಣಗೆರೆಯವನು. ಅದೇ ಕಡೆಯ ಶರವಣಂಪಟ್ಟಿಯಲ್ಲಿ ಕೆಲಸ. ಬಿಡುವಾದಾಗ ಕನ್ನಡದ ಆನ್‌ಲೈನ್ ವಿಶ್ವಕೋಶ ತಿದ್ದುವ ಹುಚ್ಚು.
ನಮಗೆ ಪರಿಚಯವಾದದ್ದು ಜಗಳದಲ್ಲಿ... ಒಂದು ಪಾಪ್ ಹಾಡಿನ ಜಗಳ.

'ಗೂಡೆ ತುಂಬ ಮಲ್ಲೆ' ನೆನಪಿದೆಯಲ್ಲ?
ಕಾಲೇಜ್ ಡೇ, ಮದುವೆ ಆರ್ಕೆಸ್ಟ್ರಾ, ಅರ್ಧ ಊರಿನ ರಿಂಗ್‌ಟೋನ್...
ಅದರ ಪುಟ ಬರೆದವನು ನಾನೇ. ಸಿಡಿ ಕವರಿನಲ್ಲಿದ್ದಂತೆ 'ಸಾಹಿತ್ಯ: ಜಾನಪದ' ಎಂದು ಹಾಕಿದ್ದೆ.

ಒಂದು ದಿನ ಯಾರೋ ಅದನ್ನು ಬದಲಿಸಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ 'ರಾಮಕ್ಕ, ಪಲ್ಲಡಂ' ಎಂದಿತ್ತು.
ನಾನು ಅಳಿಸಿದೆ. ಅವರು ಹಾಕಿದರು. ಮತ್ತೆ ಅಳಿಸಿದೆ...

ಚರ್ಚೆ ಪುಟದಲ್ಲಿ ಕೇಳಿದೆ: "ಆಧಾರ ಏನು?"
ಅದೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಉತ್ತರ ಬಂತು.
"ನಮ್ಮತ್ತೆ ಸಾರ್. ಮಗ್ಗದ ಶೆಡ್ಡಲ್ಲಿ ವೇಲೆ ಮಾಡ್ತಾ ಕಟ್ಟಿದ ಪಾಟ್ಟು. ಇನ್ನೂ ಇದ್ದಾರೆ. ಬಂದು ಕೇಳಿ."
"ಅತ್ತೆ ಹೇಳಿದ್ದು ಆಧಾರ ಆಗುವುದಿಲ್ಲ. ಎಲ್ಲಾದರೂ ಅಚ್ಚಾಗಿರಬೇಕು" ಎಂದೆ.

ರೂಲ್ ಪ್ರಕಾರ ಸರಿಯಾಗಿಯೇ ಇದ್ದೆ... ಆದರೆ ಆ ಧಾಟಿ ಈಗ ಓದಿದರೆ ನಾಚಿಕೆಯಾಗುತ್ತದೆ.

ಇನ್ನೊಬ್ಬ ಸಂಪಾದಕರು ನನಗಿಂತ ಒಂದು ಹೆಜ್ಜೆ ಮುಂದೆ ಹೋದರು. "ಮೊದಲು ಕನ್ನಡ ಲಿಪಿ ಕಲಿತು ಬನ್ನಿ."
ರಂಗಸಾಮಿ ಮಾಯವಾದರು.

ಎರಡು ತಿಂಗಳ ಮೇಲೆ ಬಂದರು... ಕನ್ನಡ ಅಕ್ಷರದಲ್ಲಿ!
"ಎಲರಿಗು ವಣಕಂ. ಅಕಶರ ಕಲಿತೆ. ತಪು ಇದರೆ ತಿದಿ."
ಒಂದೂ ಒತ್ತಕ್ಷರವಿಲ್ಲ. ಆದರೂ ಯಾರೂ ನಗಲಿಲ್ಲ.

ಹೀಯಾಳಿಸಿದ್ದವರೇ ಮೊದಲು ಕ್ಷಮೆ ಕೇಳಿದರು. ಅಷ್ಟಕ್ಕೇ ಬಿಡದೆ ರಾಮಕ್ಕನ ಹೆಸರನ್ನು ತಾವೇ ಪುಟಕ್ಕೆ ಸೇರಿಸಿದರು. ಹೋಗಲಿ ಎಂದು ನಾನೂ ಸುಮ್ಮನಿದ್ದೆ.
ಮಾರನೆಯ ದಿನ ನೋಡಿದರೆ ಆ ಸಾಲು ಇಲ್ಲ...
ಅಳಿಸಿದವರು ಸ್ವತಃ ರಂಗಸಾಮಿ!
ಪಕ್ಕದಲ್ಲಿ ಕಾರಣ ಬರೆದಿದ್ದರು. "ಪಾಪ ಅಂತ ಹಾಕಬೇಡಿ. ನಿಜ ಅಂತ ಹಾಕಿ. ಆಧಾರ ತರುತೇನೆ."

ರಂಗಸಾಮಿ ಸಾರ್...
ಆಫೀಸಿನಲ್ಲಿ ಕೂತು ಆ ಮೂರು ಮಾತನ್ನು ಎಷ್ಟು ಸಲ ಓದಿದೆನೋ...
ಆ ಭಾನುವಾರವೇ ಬಸ್ ಹತ್ತಿ ನಿಮ್ಮ ಮನೆಗೆ ಬಂದೆ.
"ವಾಂಗೋ ವಾಂಗೋ... ಅಳಿಸೋ ಸಾರ್ ನೀವೇ ತಾನೆ?" ಎಂದು ಬಾಗಿಲಲ್ಲೇ ನಕ್ಕಿರಿ.
"ಅವರೇ ಹಾಕಿದ್ರಲ್ಲ ಸಾರ್, ಯಾಕೆ ತೆಗೆದ್ರಿ?" ಎಂದೆ.
"ಲೇಬಲ್ ಮಾಡೋನು ನಾನು. ಸುಮ್ನೆ ಅಂಟ್ಸಿದ್ದು ಒಂದೇ ವಾಶ್‌ಗೆ ಎದ್ದೋಗುತ್ತೆ ಸಾರ್. ನಮ್ಮತ್ತೆ ಪೇರು ಹಂಗಾಗ್ಬಾರ್ದು" ಎಂದಿರಿ.
ಒಳಗಿಂದ ರಾಮಕ್ಕ ಕಾಫಿ ತಂದುಕೊಟ್ಟರು. ಹಾಡು ಎಂದರೆ ನಾಚಿಕೊಂಡರು. ಆಮೇಲೆ ಹಾಡಿದರು... ಸಿಡಿಯಲ್ಲಿ ಇಲ್ಲದ ಎರಡು ಚರಣಗಳನ್ನೂ.

ಆಮೇಲೆ ಒಂದು ವರ್ಷ ನೀವು ನೆಂಟರ ಮನೆಗಳ ಟ್ರಂಕು, ಅಟ್ಟ ಯಾವುದನ್ನೂ ಬಿಡಲಿಲ್ಲ.
ಕೊನೆಗೆ ತುಡಿಯಲೂರಿನಲ್ಲಿ ಸಿಕ್ಕಿತು... ನಿಮ್ಮವರ ಕಲ್ಯಾಣ ಮಂಟಪ ತೆರೆದಾಗ ಅಚ್ಚು ಹಾಕಿಸಿದ್ದ ಪುಸ್ತಿಕೆ. ನಾನು ಹುಟ್ಟುವ ಮೊದಲಿನದು.
ಅದರಲ್ಲಿ ಇಡೀ ಹಾಡು! ಕನ್ನಡದ ಹಾಡು, ತಮಿಳು ಅಕ್ಷರದಲ್ಲಿ. ಕೆಳಗೆ ರಾಮಕ್ಕನ ಹೆಸರು.

ಮತ್ತೆ ಚರ್ಚೆ ಎದ್ದಿತು. "ತಮಿಳು ಪುಸ್ತಕ ನಮಗೆ ಹೇಗೆ ಆಧಾರ?" ಎಂದರು ಕೆಲವರು.
ನಿಮ್ಮ ಉತ್ತರ ಇವತ್ತಿಗೂ ಆ ಪುಟದಲ್ಲಿದೆ.
"ಅಕ್ಷರ ತಮಿಳು. ಮಾತು ಕನ್ನಡ. ನಾವೂ ಹಂಗೇ ತಾನೆ ಇರೋದು?"
ಈ ಸಲ ಒತ್ತಕ್ಷರ ಒಂದೂ ತಪ್ಪಿರಲಿಲ್ಲ ಸಾರ್...

ಇಬ್ಬರೂ ಕೂತು ಹಾಡನ್ನು ಅಕ್ಷರ ಅಕ್ಷರವಾಗಿ ಕನ್ನಡಕ್ಕೆ ಇಳಿಸಿದೆವು. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು.
ನೀವು ಮೌಸ್ ನನ್ನ ಕಡೆ ತಳ್ಳಿ "ನೀವೇ ಹಾಕಿ" ಎಂದಿರಿ.
'ಸಾಹಿತ್ಯ: ರಾಮಕ್ಕ, ಪಲ್ಲಡಂ.' ಕೆಳಗೆ ಅಡಿಟಿಪ್ಪಣಿ.
ನಾನು ಬರೆದ ಸಾವಿರ ಸಾಲುಗಳಲ್ಲಿ ಅದೊಂದೇ ಸಾಲಿನ ಬಗ್ಗೆ ನನಗೆ ಹೆಮ್ಮೆ... ಅದೂ ನನ್ನದಲ್ಲ, ನಿಮ್ಮದು.

ಇವತ್ತು ಮಧ್ಯಾಹ್ನ ನಿಮ್ಮ ಮನೆಯಂಗಳದಲ್ಲಿ ಬನಿಯನ್ ಯೂನಿಟ್‌ನವರೆಲ್ಲ ನೆರೆದಿದ್ದರು. ರಾಮಕ್ಕ ಗೋಡೆಗೊರಗಿ ಕೂತಿದ್ದರು. ನನ್ನನ್ನು ನೋಡಿ ಹತ್ತಿರ ಕರೆದರು.
"ನನ್ ಪೇರು ಇರೋ ಜಾಗ್ದಲ್ಲಿ ಅವನ್ ಪೇರೂ ಇದ್ಯಾ ಸಾಮಿ?"

ತಿದ್ದಿದವರ ಹೆಸರು ಹಾಡಿನ ಪುಟದಲ್ಲಿ ಕಾಣುವುದಿಲ್ಲ. ಅದರ ಹಿಂದೆ ಇನ್ನೊಂದು ಪುಟವಿರುತ್ತದೆ. ಯಾರು, ಯಾವಾಗ, ಏನು ಬರೆದರು ಎಂಬುದೆಲ್ಲ ಅಲ್ಲಿ ಉಳಿದಿರುತ್ತದೆ.
"ಇದೆ ಅತ್ತೆ... ಹಿಂದಿನ ಪುಟದ ತುಂಬ ಅವರದ್ದೇ ಹೆಸರು" ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಪಕ್ಕದಲ್ಲಿ ಅಳುತ್ತಿದ್ದ ನಿಮ್ಮ ತಂಗಿಯ ಭುಜ ಮುಟ್ಟಿ ಹೇಳಿದರು,
"ಕೇಳ್ದ್ಯಾಮ್ಮಾ? ನಿಮ್ಮಣ್ಣನ್ ಪೇರು ಪುಟದ್ ತುಂಬ ಇದ್ಯಂತೆ."

ಹೋಗಿ ಬನ್ನಿ ರಂಗಸಾಮಿ ಸಾರ್...
ನಿಮ್ಮ ಜೀವ ತಣ್ಣಗಿರಲಿ. ಹೋದ ಕಡೆ ನೆಮ್ಮದಿ ಇರಲಿ.
🙏