ಅವ್ವ ನೀರಿಗಿಳಿಯಲು ಒಪ್ಪಿದ್ದು

ಅರಸೀಕೆರೆಯ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ಸೈಕಲ್ ತುಳಿಯುವವರನ್ನು ನಾವು ಅದುವರೆಗೂ ನೋಡಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಎಡ್. ಮುಗಿಸಿ, ಕಂಡಕಂಡ ಶಾಲೆಗೆಲ್ಲ ಅರ್ಜಿ ಹಾಕಿಕೊಂಡು ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ರೈಲ್ವೆ ಆಫೀಸಿನಿಂದ ಊಟಕ್ಕೆ ಬಂದ ಅಪ್ಪ, ಜೊತೆಗೆ ಇಬ್ಬರು ಬಿಳಿ ಹುಡುಗರನ್ನೂ ಕರೆದುಕೊಂಡು ಬಂದ. ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರಂತೆ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಅವರು ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲೇ ಅಪ್ಪ ನಿಮ್ಮದು ಯಾವ ಧರ್ಮ ಎಂದು ಕೇಳಿಯಾಗಿತ್ತು.

ಮಾರ್ಮನ್, ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ ಎಂದರು. ಅಪ್ಪನಿಗೆ ಹಬ್ಬವಾಯಿತು. ಜಗತ್ತಿನ ಧರ್ಮಗಳನ್ನೆಲ್ಲ ಜರಡಿ ಹಿಡಿದು ಕೊನೆಗೆ ಬುದ್ಧನನ್ನು ಆರಿಸಿಕೊಂಡೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ ಮನುಷ್ಯನಿಗೆ, ತಾನು ಜರಡಿ ಹಿಡಿಯದ ಒಂದು ಧರ್ಮ ಮನೆಬಾಗಿಲಿಗೇ ಬಂದು ಕೂತಿತ್ತು. ವಾರಕ್ಕೊಂದು ಸಂಜೆ ಬನ್ನಿ, ಮಾತಾಡೋಣ ಎಂದ. ಅವರೂ ಬರತೊಡಗಿದರು.

ನನಗೆ ಧರ್ಮಕ್ಕಿಂತ ಆ ಹುಡುಗರ ಮೇಲೆಯೇ ಕುತೂಹಲ. ಅವರಲ್ಲಿ ಹುಡುಗರಿಗೆ ಇಪ್ಪತ್ತು ವರ್ಷ ಆಗುವ ಹೊತ್ತಿಗೆ, ಕಳಿಸಿದ ದೇಶಕ್ಕೆ ಹೋಗಿ ಎರಡು ವರ್ಷ ಧರ್ಮ ಹೇಳಬೇಕಂತೆ. ಸಿನಿಮಾ ಇಲ್ಲ, ಹುಡುಗಿಯರ ಜೊತೆ ಓಡಾಟ ಇಲ್ಲ, ಮನೆಗೆ ಫೋನು ಮಾಡುವುದು ವರ್ಷಕ್ಕೆ ಎರಡೇ ಸಲ. ಒಬ್ಬರನ್ನೊಬ್ಬರು ಕಣ್ಣಳತೆಯಿಂದ ಆಚೆ ಬಿಡುವಂತಿಲ್ಲ. ಇದನ್ನು ಕೇಳಿ ಅವ್ವ, ಗಂಡ ಹೆಂಡತಿ ಕೂಡ ಹೀಗೆ ಅಂಟಿಕೊಂಡಿರುವುದಿಲ್ಲವಲ್ಲ ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಇಬ್ಬರ ಕಿವಿಯೂ ಕೆಂಪಾಯಿತು. ಅವ್ವನಿಗೆ ದುಭಾಷಿ ನಾನೇ.

ದೊಡ್ಡವನಿಗೆ ಎರಡು ವರ್ಷ ಮುಗಿಯುತ್ತಾ ಬಂದಿತ್ತು. ಉದ್ದನೆಯ ಆಳು, ನಿಧಾನಸ್ಥ, ಒಂದಿಷ್ಟು ಕನ್ನಡ ಕಲಿತಿದ್ದ. ಚಿಕ್ಕವನು ಹೊಸದಾಗಿ ಬಂದವನು, ಮೈತುಂಬ ಉತ್ಸಾಹ. ಮೊದಲ ದಿನವೇ ಅವ್ವ ಕೊಟ್ಟ ಕಾಫಿಯನ್ನು ಇಬ್ಬರೂ ಬೇಡ ಎಂದಿದ್ದರು. ಅವರ ಧರ್ಮದಲ್ಲಿ ಕಾಫಿ, ಟೀ ಎರಡೂ ಇಲ್ಲವಂತೆ. ಅಪ್ಪನ ಊರು ಬಿಕ್ಕೋಡಿನ ಕಡೆ. ಕಾಫಿ ತೋಟದಲ್ಲಿ ದುಡಿದ ಮನೆತನ ನಮ್ಮದು. ಕಾಫಿ ಬೇಡ ಎನ್ನುವವರನ್ನು ಅವ್ವ ಕಾಯಿಲೆಯವರು ಎಂದೇ ತಿಳಿಯುತ್ತಿದ್ದಳು. ಮುಂದಿನ ವಾರ ಧನಿಯಾ ಜೀರಿಗೆ ಕಷಾಯ ಮಾಡಿಟ್ಟಳು. ಹುಡುಗರು ಲೋಟ ಹಿಡಿದು, ಇದು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ತಮ್ಮಲ್ಲೇ ಗುಸುಗುಸು ಚರ್ಚೆ ಮಾಡಿ, ಕೊನೆಗೆ ಕುಡಿದರು. ಆಮೇಲೆ ಬಂದಾಗಲೆಲ್ಲ ಕೇಳಿ ಹಾಕಿಸಿಕೊಂಡು ಕುಡಿದರು.

ಅಪ್ಪನ ಪ್ರಶ್ನೆಗಳು ಸುಲಭದವಲ್ಲ. ಒಂದು ಸಂಜೆ, ನಿಮ್ಮಲ್ಲಿ ಕಪ್ಪು ಜನ ನಿಮ್ಮ ಸಮಕ್ಕೆ ಕೂರುತ್ತಾರಾ ಎಂದು ನೇರವಾಗಿ ಕೇಳಿಬಿಟ್ಟ. ಚಿಕ್ಕವನು ಕೂರುತ್ತಾರೆ ಎಂದ. ದೊಡ್ಡವನು ಕೈಲಿದ್ದ ಲೋಟ ಕೆಳಗಿಟ್ಟು, ಈಗ ಕೂರುತ್ತಾರೆ, ನಾನು ಹುಟ್ಟುವ ಮೊದಲು ಅವರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ, ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ ಎಂದ. ಅವರು ಹೋದ ಮೇಲೆ ಅಪ್ಪ, ಹುಡುಗ ಸುಳ್ಳು ಹೇಳಲಿಲ್ಲ ನೋಡು ಎಂದ. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇರಲಿಲ್ಲ.

ದೊಡ್ಡವನು ಊರಿಗೆ ಹೊರಡಲು ಕೆಲವೇ ವಾರ ಉಳಿದಿದ್ದಾಗ, ಅವರ ರಜೆಯ ದಿನ ನೋಡಿಕೊಂಡು ಅಪ್ಪ ಎಲ್ಲರನ್ನೂ ಬೇಲೂರು, ಹಳೇಬೀಡಿಗೆ ಹೊರಡಿಸಿದ. ದೇವರಿಗೆ ಕೈಮುಗಿಯದಿದ್ದರೂ ಶಿಲ್ಪ ತೋರಿಸುವುದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ. ಬೇಲೂರಿನಲ್ಲಿ ಮದನಿಕೆಯರನ್ನು ನೋಡಬೇಕೆಂದರೆ ಕತ್ತು ಎತ್ತಲೇಬೇಕಲ್ಲ. ಚಿಕ್ಕವನು ಎತ್ತಿದ ಕತ್ತನ್ನು ತಟಕ್ಕನೆ ಇಳಿಸಿ, ಗೋಡೆಯ ಕೆಳಸಾಲಿನ ಆನೆಗಳನ್ನು ಬಲು ಶ್ರದ್ಧೆಯಿಂದ ನೋಡತೊಡಗಿದ. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ದೊಡ್ಡವನು ನೆಟ್ಟ ಕಣ್ಣಿಂದ ನೋಡಿ, ಕೆತ್ತಿದವರು ಒಳಗೆ ಬಂದು ಪೂಜೆ ಮಾಡಬಹುದಿತ್ತಾ ಎಂದು ಕೇಳಿದ. ಅವನಿಗೂ ಅಪ್ಪನ ಪ್ರಶ್ನೆಗಳ ಚಾಳಿ ಹತ್ತಿತ್ತು. ಅವರ ವಿಷಯ ಗೊತ್ತಿಲ್ಲ, ನಮ್ಮೂರ ಗುಡಿಯಲ್ಲಿ ನಮ್ಮಪ್ಪ ಮೆಟ್ಟಿಲಿನಿಂದ ಆಚೆಯೇ ನಿಲ್ಲಬೇಕಿತ್ತು ಎಂದು ಅಪ್ಪ ಹೇಳಿದ.

ಹಳೇಬೀಡಿನ ಕೆರೆಯ ದಂಡೆಯಲ್ಲಿ ಕೂತು ಚಿತ್ರಾನ್ನ, ಮೊಸರನ್ನ ತಿಂದೆವು. ಎರಡು ವರ್ಷದಲ್ಲಿ ಎಷ್ಟು ಜನರನ್ನು ನಿಮ್ಮ ಧರ್ಮಕ್ಕೆ ಸೇರಿಸಿಕೊಂಡೆ ಎಂದು ಅವ್ವ ದೊಡ್ಡವನನ್ನು ಕೇಳಿದಳು. ನಾನು ಅನುವಾದ ಮಾಡುವ ಮೊದಲೇ ಅವನಿಗೆ ಅರ್ಥವಾಯಿತು.

“ಯಾರೂ ಇಲ್ಲ ಅಮ್ಮ,” ಎಂದು ಕನ್ನಡದಲ್ಲೇ ಹೇಳಿದ.

ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ. ಅವನ ಅಪ್ಪ, ಇಬ್ಬರು ಅಣ್ಣಂದಿರು ಎಲ್ಲರೂ ಹೀಗೆ ಹೋಗಿ ಬಂದವರೇ. ಅಪ್ಪ ತನ್ನ ಕಾಲದಲ್ಲಿ ಊರಿಗೆ ಊರೇ ಎನ್ನುವಷ್ಟು ಜನಕ್ಕೆ ದೀಕ್ಷೆ ಕೊಟ್ಟವನಂತೆ. ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಇವನು ಇಡೀ ಸಭೆಯ ಮುಂದೆ ನಿಂತು ಎರಡು ವರ್ಷದ ವಿಷಯ ಹೇಳಬೇಕು. ಅಪ್ಪ ಮುಂದಿನ ಸಾಲಿನಲ್ಲೇ ಕೂತಿರುತ್ತಾನೆ. ಹಾಗೆ ಲೆಕ್ಕ ಹಾಕಬಾರದು ಎಂದು ಚಿಕ್ಕವನು ಸಮಾಧಾನ ಮಾಡಿದ. ದೊಡ್ಡವನು ನಕ್ಕು ಮೊಸರನ್ನದ ಡಬ್ಬಿಗೆ ಕೈ ಚಾಚಿದ. ಅಳುಮುಖ ಮಾಡಿಕೊಂಡು ಹೇಳಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಮಾರನೆಯ ದಿನ ಸೊಪ್ಪು ಸೋಸುತ್ತಾ ಕೂತಿದ್ದ ಅವ್ವ, ಕೈ ನಿಲ್ಲಿಸದೆ ಹೇಳಿದಳು.

“ನಾನೇ ಮುಳುಗ್ಬಿಡ್ತೀನಿ ಕಣೇ. ಮನೆ ಬಾಗ್ಲಿಗೆ ಬಂದ ಹುಡ್ಗ, ಬರಿಗೈಲಿ ಹೋದ್ರೆ ಚೆಂದಾಗಿರಕ್ಕಿಲ್ಲ.”

ಮೊದಲು ನಕ್ಕೆ. ಆಮೇಲೆ ಅವಳ ಮುಖ ನೋಡಿದೆ, ತಮಾಷೆ ಇರಲಿಲ್ಲ. ಅವರ ಧರ್ಮಕ್ಕೆ ಸೇರುವವರನ್ನು ನೀರಿನಲ್ಲಿ ತಲೆಕೂದಲೂ ಕಾಣದ ಹಾಗೆ ಪೂರ್ತಿ ಮುಳುಗಿಸುತ್ತಾರೆ ಎಂದು ಹುಡುಗರು ಒಮ್ಮೆ ವಿವರಿಸಿದ್ದರು. ಎಷ್ಟು ನದಿಯಲ್ಲಿ ಮುಳುಗಿಲ್ಲ ನಾನು, ಇನ್ನೊಂದು ಸಲ ಮುಳುಗಿದರೆ ಏನಾದೀತು ಎಂಬುದು ಅವ್ವನ ವಾದ. ಅವಳ ಮಟ್ಟಿಗೆ ಅದು ನಿಜವೇ. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದ್ದರೂ, ವರ್ಷಕ್ಕೊಮ್ಮೆ ಪಕ್ಕದ ಮನೆಯವರ ಜೊತೆ ಮಾಲೇಕಲ್ಲು ಬೆಟ್ಟ ಹತ್ತಿ ವೆಂಕಟರಮಣನಿಗೂ ಕೈಮುಗಿದು ಬರುತ್ತಿದ್ದಳು. ಅಪ್ಪ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಇದ್ದುಬಿಡುತ್ತಿದ್ದ. ಒಬ್ಬ ದೇವರಿಗೆ ಕೈಮುಗಿದರೆ ಇನ್ನೊಬ್ಬನಿಗೆ ಸಿಟ್ಟು ಬರುತ್ತದೆ ಎಂದು ಅವ್ವ ಯಾವತ್ತೂ ಅಂದುಕೊಂಡವಳಲ್ಲ.

ಈ ಸಲ ಅಪ್ಪನಿಗೆ ಗೊತ್ತಿಲ್ಲದ ಹಾಗೆ ಇರಲಾಗಲಿಲ್ಲ. ಅವ್ವ ಸಂಜೆ ತಾನೇ ಹೇಳಿದಳು. ಅಪ್ಪ ಕೂಗಾಡುವವನಲ್ಲ, ಅವತ್ತು ಕೂಗಾಡಿದ. ಧರ್ಮ ಬದಲಾಯಿಸುವುದೆಂದರೆ ಬಂದವರಿಗೆ ಎಲೆಅಡಿಕೆ ಕೊಟ್ಟು ಕಳಿಸಿದ ಹಾಗಲ್ಲ ಎಂದ. ಅವನ ಸಿಟ್ಟಿಗೆ ಕಾರಣ ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲು ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗ, ಮನೆದೇವರನ್ನು ಬಿಟ್ಟ ಮಗನ ಮನೆಯ ಅನ್ನ ಬೇಡ ಎಂದು ಅಜ್ಜಿ ದೊಡ್ಡಪ್ಪನ ಮನೆಗೆ ಹೋದವಳು, ಸಾಯುವವರೆಗೂ ನಮ್ಮ ಮನೆಯಲ್ಲಿ ಒಂದು ತುತ್ತು ತಿಂದಿರಲಿಲ್ಲ. ಅಷ್ಟು ಕಳೆದುಕೊಂಡು ಆರಿಸಿಕೊಂಡದ್ದನ್ನು ಹೆಂಡತಿ ಒಬ್ಬ ಹುಡುಗನ ಮೇಲಿನ ಕನಿಕರಕ್ಕೆ ಬಿಟ್ಟುಕೊಡುವುದು ಅಪ್ಪನಿಗೆ ನುಂಗಲಾರದ ತುತ್ತಾಗಿತ್ತು.

ಅವ್ವ ಎಲ್ಲ ಕೇಳಿಸಿಕೊಂಡಳು. ದನಿ ಏರಿಸದೆ ಮಾತಾಡಿದಳು.

“ನಿಮಗೋಸ್ಕರ ತಾನೆ ನಾನು ಬುದ್ಧನ್ನ ಒಪ್ಕಂಡಿದ್ದು. ಆವಾಗ ನೀವು, ನಿಂಗೆ ನಂಬ್ಕೆ ಐತಾ ಅಂತ ಕೇಳಿದ್ರಾ?”

ಅಪ್ಪ ಅಂಗಳಕ್ಕೆ ಹೋಗಿ ತೆಂಗಿನ ಗಿಡಕ್ಕೆ ನೀರು ಬಿಡುತ್ತಾ ನಿಂತ. ನೀರು ಪಾತಿ ತುಂಬಿ ಹೊರಗೆ ಹರಿಯುತ್ತಿದ್ದರೂ ನೋಡುತ್ತಲೇ ಇದ್ದ. ಅವನನ್ನು ಹಾಗೆ ಕಂಡು ನನಗೆ ಪಾಪ ಅನ್ನಿಸಿತು. ಅವ್ವ ಅಂದದ್ದು ಸರಿ ಎಂದೂ ಅನ್ನಿಸಿತು.

ದೊಡ್ಡವನು ಹೊರಡುವ ಹಿಂದಿನ ದಿನ ಮಧ್ಯಾಹ್ನ ಹುಡುಗರನ್ನು ಊಟಕ್ಕೆ ಕರೆದಿದ್ದೆವು. ಮುದ್ದೆ, ಹುರುಳಿಕಾಳು ಸಾರು. ಅಪ್ಪ ಎದುರಿಗೇ ಕೂತಿದ್ದ. ಬೇಡ ಎಂದು ಮತ್ತೆ ಹೇಳಿರಲಿಲ್ಲ, ಆಗಲಿ ಎಂದೂ ಹೇಳಿರಲಿಲ್ಲ. ಅವ್ವ ದೊಡ್ಡವನಿಗೆ ಸಾರು ಬಡಿಸುತ್ತಾ, ಇವನಿಗೆ ಹೇಳೇ ಎಂದಳು. ನಾನು ಹೇಳಿದೆ. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದೆ. ಒಪ್ಪಿಕೊಂಡುಬಿಡು ಎಂದು ನನ್ನ ಮನಸ್ಸಿನ ಒಂದು ಕಡೆ ಹೇಳುತ್ತಿತ್ತು. ಇನ್ನೊಂದು ಕಡೆ ಒಪ್ಪಿದರೆ ಇವನು ಇಷ್ಟೇನೇ ಎನ್ನಲು ಕಾಯುತ್ತಿತ್ತು.

ಚಿಕ್ಕವನು ಕೂತಲ್ಲೇ ಪುಟಿದ. ಬೆಂಗಳೂರಿನ ಹಿರಿಯರಿಗೆ ಈಗಲೇ ಫೋನು ಮಾಡೋಣ, ಇವನು ಹೊರಡುವುದನ್ನು ನಾಲ್ಕು ದಿನ ಮುಂದೂಡಬಹುದು ಎಂದೆಲ್ಲ ಹೇಳತೊಡಗಿದ. ದೊಡ್ಡವನ ಮುಖ ಒಂದು ಗಳಿಗೆ ಎಷ್ಟು ಅರಳಿತೆಂದರೆ, ಅವನಿಗೆ ಅದು ಎಷ್ಟು ಬೇಕಾಗಿತ್ತು ಎಂದು ಕೂತವರಿಗೆಲ್ಲ ಕಂಡಿತು. ಆಮೇಲೆ ಅವ್ವನ ಕಡೆ ತಿರುಗಿ ಮಾತು ಜೋಡಿಸಿಕೊಂಡು ಕೇಳಿದ.

“ಅಮ್ಮ, ನಿಮಗೆ ನಂಬಿಕೆ ಇದೆಯಾ?”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

“ನಿನ್ ಮೇಲೈತೆ ಮಗ,” ಎಂದಳು ಅವ್ವ.

ಅವನು ನಕ್ಕ. ನಗುತ್ತಲೇ ಕಣ್ಣು ತುಂಬಿಕೊಂಡಿತು. ಬೇಡ ಅಮ್ಮ ಎಂದ. ಉಳಿದದ್ದನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದ. ನನಗೋಸ್ಕರ ಮಾಡುತ್ತಿದ್ದಾರೆ, ನಾನು ನಾಳೆ ಹೋಗುವವನು, ಆಮೇಲೆ ಇವರಿಗೆ ಅದರಲ್ಲಿ ಏನು ಉಳಿಯುತ್ತದೆ ಎಂದ. ನಾನು ಅವ್ವನಿಗೆ ಹೇಳಿದೆ. ಅವ್ವ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಊಟ ಮುಗಿಯುವವರೆಗೂ ಚಿಕ್ಕವನು ಗೆಳೆಯನ ಮುಖ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಮೂವರೂ ಹೋಗಿ ಹುಡುಗರಿಬ್ಬರನ್ನೂ ಬೆಂಗಳೂರಿನ ರೈಲಿಗೆ ಹತ್ತಿಸಿದೆವು. ಅಪ್ಪ ದೊಡ್ಡವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ರೈಲು ಹೋದ ಮೇಲೆ ಸ್ಟೇಷನ್ನಿನಿಂದ ನಡೆದೇ ಹೊರಟೆವು. ದಾರಿಯಲ್ಲಿ ಅಪ್ಪ ತಾನಾಗಿಯೇ ಮಾತೆತ್ತಿದ.

“ಒಳಗೆ ಬರಬೇಡಿ ಅಂದವರನ್ನ ಬೇಕಾದಷ್ಟು ನೋಡಿದೀನಿ. ಮರ್ಯಾದೆ ಕೊಟ್ಟು ಬೇಡ ಅಂದವನು ಇವನೊಬ್ಬನೇ.”

“ಎಂಗಂದ್ರೂ, ಬ್ಯಾಡ ಅನ್ನಿಸ್ಕಂಡೋರಿಗೆ ನೋಯ್ತದೆ ಕಣ್ರೀ,” ಎಂದಳು ಅವ್ವ. ಅವಳಿಗೆ ನಿಜಕ್ಕೂ ನೋವಾಗಿತ್ತು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಎಂದು ಕಣ್ಣೇ ಹೇಳುತ್ತಿತ್ತು.

ಅಪ್ಪ ನಿಂತ. ನಾವೂ ನಿಂತೆವು. ಪಕ್ಕದಲ್ಲಿ ಕೊಬ್ಬರಿ ಮೂಟೆ ಹೇರಿಕೊಂಡ ಲಾರಿ ಹಾದುಹೋಗುವವರೆಗೆ ಕಾದು, ಅಪ್ಪ ಅವ್ವನನ್ನು ಕೇಳಿದ.

“ಅವತ್ತು ಕೇಳಲಿಲ್ಲ. ಈಗ ಕೇಳ್ತೀನಿ. ಬುದ್ಧನ ಮೇಲೆ ನಿನಗೆ ನಂಬಿಕೆ ಇದೆಯಾ?”

ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

“ಯೋಚ್ನೆ ಮಾಡಿ ಯೋಳ್ತೀನಿ,” ಎಂದು ಮುಂದೆ ನಡೆದಳು.