ಅತ್ತೆಯವರು ಹೋಟೆಲು ಆರಿಸಿದ ಭಾನುವಾರ

ಮಾವನವರ ಬಿಳಿ ಅಂಗಿಯನ್ನು ಒಗೆಯುವ ಬಟ್ಟೆಗಳ ರಾಶಿಗೆ ಸೇರಿಸುವ ಮೊದಲು ನಮ್ಮತ್ತೆ ಗಂಗಮ್ಮನವರು ಅದನ್ನೊಮ್ಮೆ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಅನುಮಾನಪಟ್ಟಲ್ಲ, ಓದುಗ ಮಿತ್ರರೇ. ಮನೆಗೆ ಸೊಸೆ ಬಂದ ಮೇಲೆ ಅಂಥ ಅನುಮಾನಗಳಿಗೆ ಪುರುಸೊತ್ತಾದರೂ ಎಲ್ಲಿರುತ್ತದೆ? ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯಿಂದ ಮರಳುವ ಆ ಅಂಗಿಗೆ ಎಣ್ಣೆಗೊಬ್ಬರಿಯ ಕಮಟು, ಗೋಣಿಚೀಲದ ದೂಳು ಇವುಗಳ ನಡುವೆ ಇನ್ನೊಂದು ಪರಿಮಳವೂ ಅಂಟಿಕೊಂಡಿರುತ್ತಿತ್ತು. ಬೇಯಿಸಿದ ಈರುಳ್ಳಿಯದು, ಕಾಯ್ದ ತುಪ್ಪದ್ದು, ಚಿಕೋರಿ ಬೆರೆಸಿದ ಕಾಫಿಯದು. ಅತ್ತೆಯವರು ಅದನ್ನು ಮೂಸಿ, ನನ್ನ ಕಡೆ ನೋಡಿ, "ಇವತ್ತು ಮಸಾಲೆ ದೋಸೆ ಕಣಮ್ಮ" ಎಂದು ತೀರ್ಪು ಕೊಟ್ಟು ಅಂಗಿಯನ್ನು ನೀರಿಗೆ ಅದ್ದುತ್ತಿದ್ದರು. ಅವರ ತೀರ್ಪು ತಪ್ಪಿದ್ದನ್ನು ನಾನು ಕಾಣೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಸೊಸೆಯಾಗಿ ಬಂದು, ಅಲ್ಲಿಯ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಮಾವ ನಂಜುಂಡಪ್ಪನವರಿಗೆ ಊರಾಚೆ ತೆಂಗಿನ ತೋಟ, ಪೇಟೆಯಲ್ಲಿ ಉಂಡೆಕೊಬ್ಬರಿಯ ವ್ಯಾಪಾರ. ಮನೆಯ ಅಟ್ಟದ ತುಂಬ ಕಾಯಿ ಒಣಗುತ್ತಿತ್ತು, ಅಟ್ಟದ ಕೆಳಗೆ ಅತ್ತೆಯವರ ಒಲೆ ಉರಿಯುತ್ತಿತ್ತು. ಕರಟಕ್ಕೂ ಮಟ್ಟೆಗೂ ಬರವಿಲ್ಲದ ಸೀಮೆಯಲ್ಲಿ ಒಲೆಗೆ ವಿಶ್ರಾಂತಿ ಎಂಬುದು ಹೊಳೆಯುವುದಾದರೂ ಹೇಗೆ? ಸುಲಿಯುವವರು ಬಂದರೆ ಅವರಿಗೆ ಅಡುಗೆ, ಲಾರಿಗೆ ತುಂಬುವವರು ಬಂದರೆ ಅವರಿಗೆ ಅಡುಗೆ, ಹಾಲ್ಕುರಿಕೆ ಮಠದಿಂದ ಬಂದ ಸ್ವಾಮಿಗಳಿಗೆ ಇನ್ನೊಂದು ಬಗೆಯ ಅಡುಗೆ. ಸ್ಕೂಲಿಗೆ ಭಾನುವಾರವಿತ್ತು, ಮಾರುಕಟ್ಟೆಗೆ ಭಾನುವಾರವಿತ್ತು. ನಮ್ಮ ಅಡುಗೆಮನೆಯ ಪಂಚಾಂಗದಲ್ಲಿ ಮಾತ್ರ ಆ ವಾರವೇ ಇರಲಿಲ್ಲ. ನಾನು ಕಾವಲಿಯ ಮುಂದೆ ನಿಲ್ಲುತ್ತೇನೆಂದರೆ, "ನೀನು ಹೋಗಿ ಕೂತ್ಕೊ ಬುಡು, ನಿಂಗೆ ಮಕ್ಳ ಕಾಪಿ ತಿದ್ದೋದೈತೆ" ಎಂದು ಸೆರಗಿನಿಂದಲೇ ನನ್ನನ್ನು ಹೊರಕ್ಕೆ ಅಟ್ಟುತ್ತಿದ್ದರು.

ನಮ್ಮ ಬೀದಿಯ ಮೂಲೆಯಲ್ಲಿ ವಾಸಣ್ಣನ ಹೋಟೆಲಿತ್ತು. ನಾಲ್ಕು ಮೇಜು, ಉದ್ದದ ಬೆಂಚುಗಳು, ಮುಂದೊಂದು ಹೊಂಗೆಮರ, ರಸ್ತೆಗೇ ಮುಖ ಮಾಡಿದ ದೊಡ್ಡ ಕಾವಲಿ. ಮಾವನವರ ಅಂಗಿಗೆ ಪರಿಮಳ ಹತ್ತುತ್ತಿದ್ದದ್ದು ಅಲ್ಲಿಯೇ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಆ ಹೋಟೆಲಿನ ಒಳಗನ್ನು ಅತ್ತೆಯವರು ಮದುವೆಯಾಗಿ ಬಂದಂದಿನಿಂದ ಕಂಡಿರಲಿಲ್ಲ. ಕಾಣಬಾರದೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಕೆಲವು ಬಾಗಿಲುಗಳು ಹಾಗೆಯೇ. ಅಗುಳಿಯಿರುವುದಿಲ್ಲ, ಆದರೂ ಯುಗಯುಗಾಂತರದಿಂದ ಮುಚ್ಚಿಯೇ ಇರುತ್ತವೆ.

ಒಂದು ಭಾನುವಾರ ಬೆಳಿಗ್ಗೆ ಮಾವನವರು ನಡುಮನೆಯಲ್ಲಿ ಕೂತು ದೋಸೆ ತಿನ್ನುತ್ತಿದ್ದರು. ಅತ್ತೆಯವರು ಒಂದೊಂದೇ ತಂದು ಹಾಕುತ್ತಿದ್ದರು. ತುಪ್ಪ ಸವರಿದ ದೋಸೆಯನ್ನು ಮಡಿಸಿ ಬಾಯಿಗಿಡುತ್ತ ಮಾವ ಯಾವ ದುರುದ್ದೇಶವೂ ಇಲ್ಲದೆ ಅಂದರು: "ಇದೂ ಚೆನ್ನಾಗೈತೆ. ಆದ್ರೆ ಆ ವಾಸಣ್ಣನ ದೋಸೆ ಐತಲ್ಲ, ಅದ್ರ ಗಮ್ಮತ್ತೇ ಬೇರೆ ಬುಡು."

ಅತ್ತೆಯವರು ದೋಸೆ ತಿರುವುವ ಮೊಗಚೆಕೈಯನ್ನು ಅಲ್ಲಿಯೇ ಕಿಟಕಿಯ ಮೇಲಿಟ್ಟರು. "ಹಂಗಾದ್ರೆ ಮುಂದಿನ ಭಾನುವಾರ ನಾನೂ ಬತ್ತೀನಿ. ಮನೇಲಿ ಒಲೆ ಹಚ್ಚಲ್ಲ."

ಮಾವ ನಕ್ಕರು. ನಗುತ್ತ ಹೆಂಡತಿಯ ಮುಖ ನೋಡಿದರು, ನಗು ನಿಂತಿತು. "ಹೆಂಗಸ್ರು ಹೋಟ್ಲಿಗಾ? ಜನ ಏನಂತಾರೆ ಕಣೇ? ನಂಜುಂಡಪ್ಪನ ಮನೇಲಿ ಒಲೆ ಉರೀತಿಲ್ವಾ ಅನ್ನಲ್ವಾ?"

"ಒಲೆ ಉರೀತಾನೇ ಐತೆ ಅನ್ನಿ. ಅದ್ರ ಮುಂದೆ ಇರೋಳಿಗೆ ರಜ ಅನ್ನಿ."

ಆ ವಾರವೆಲ್ಲ ನಮ್ಮ ಮನೆಯಲ್ಲಿ ನಡೆದ ಚರ್ಚೆಯನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ. ಹೋಟೆಲು ಆರಿಸುವುದೆಂದರೆ ಹಸಿದವನು ಸಿಕ್ಕಿದ ಬಾಗಿಲಿಗೆ ನುಗ್ಗುವುದು ಎಂದುಕೊಂಡಿದ್ದ ನನಗೆ, ಅದು ವರಾನ್ವೇಷಣೆಯಷ್ಟೇ ಗಹನವಾದ ಸಂಗತಿಯೆಂದು ತಿಳಿದದ್ದು ಆಗ. ಹೊಟ್ಟೆಗೂ ಹೋಟೆಲಿಗೂ ಬರೀ ಕಾಗುಣಿತದ ಅಂತರ ಎಂದು ಸ್ಕೂಲಿನಲ್ಲಿ ತಮಾಷೆ ಮಾಡುತ್ತಿದ್ದೆ; ಆ ಅಂತರದಲ್ಲಿ ಮಾನ, ಮರ್ಯಾದೆ, ಬೀದಿಯ ಕಣ್ಣು, ನೆಂಟರ ನಾಲಿಗೆ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಮಾವನವರ ಪಕ್ಷ ಬಸ್ ಸ್ಟ್ಯಾಂಡಿನ ಬಳಿಯ ದೊಡ್ಡ ಹೋಟೆಲಿನ ಕಡೆಗೆ. ಅಲ್ಲಿ 'ಫ್ಯಾಮಿಲಿ ರೂಮ್' ಇದೆ, ಪರದೆ ಇದೆ, ಮುಖ್ಯವಾಗಿ ಅಲ್ಲಿಗೆ ಬರುವವರೆಲ್ಲ ತುರುವೇಕೆರೆಗೋ ಅರಸೀಕೆರೆಗೋ ಬಸ್ಸು ಕಾಯುವ ಪರಸ್ಥಳದವರು, ಗುರುತು ಸಿಗುವ ಭಯವಿಲ್ಲ. ಅತ್ತೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಮೊದ್ಲು ನೋಡಾನ" ಎಂದರು, ಗಂಡು ನೋಡಲು ಹೊರಟ ಹಿರಿಯರ ಧ್ವನಿಯಲ್ಲಿ.

ಆ ಭಾನುವಾರ ಅವರು ಬೇಗ ಮಿಂದು, ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಹಸಿರು ಅಂಚಿನ ಇಳಕಲ್ ಸೀರೆ ಉಟ್ಟು ಬಂದರು. ನನ್ನ ಗಂಡ ತೋಟಕ್ಕೆ ನೀರು ಬಿಡುವ ನೆಪ ಹೇಳಿ, ತಂದೆಯ ಸಂಕಟವನ್ನು ನೋಡಲಾರದೆ, ಮೊದಲೇ ಪಾರಾಗಿದ್ದರು. ಉಳಿದವರು ಮೂವರು: ಮುಂದೆ ಮಾವ, ಅವರ ಹಿಂದೆ ಅತ್ತೆ, ಅತ್ತೆಯ ಪಕ್ಕದಲ್ಲಿ ನಾನು.

ದೊಡ್ಡ ಹೋಟೆಲಿನಲ್ಲಿ ಮ್ಯಾನೇಜರು ನಮ್ಮನ್ನು ಕಂಡ ಕೂಡಲೇ, ಕೈತೋರಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಓಣಿಯಂಥ ಜಾಗಕ್ಕೆ ಕಳಿಸಿದರು. ಕೈತೊಳೆಯುವ ತೊಟ್ಟಿ ದಾಟಿ, ಎಣ್ಣೆಗೆ ಕಪ್ಪಾದ ಪರದೆ ಸರಿಸಿ ಒಳಹೊಕ್ಕೆವು. ಕಿಟಕಿಯಿಲ್ಲದ, ಒಲೆಯ ಹೊಗೆ ಸುತ್ತಿಕೊಂಡ ಗೂಡು. ಹಗಲಲ್ಲೂ ಕಣ್ಣು ಪಿಳುಕಿಸುವ ಟ್ಯೂಬ್‌ಲೈಟು. ಆಚೆಯ ನಗು, ಮಾತು, ಲೋಟದ ಸದ್ದು ಎಲ್ಲವೂ ಪರದೆಯಲ್ಲಿ ಸೋಸಿಕೊಂಡು ಬರುತ್ತಿದ್ದವು. ಅತ್ತೆಯವರು ಕುರ್ಚಿಯ ತುದಿಯಲ್ಲಿ ಕೂತು ಸುತ್ತ ನೋಡಿದರು. ಮಾವ ಸಮಾಧಾನದ ಉಸಿರು ಬಿಟ್ಟು, "ನೋಡು, ಎಷ್ಟು ಮರ್ಯಾದೆಯಾಗೈತೆ" ಎಂದರು.

"ನಾವು ದನಾನೂ ಇದಕ್ಕಿಂತ ಗಾಳಿ ಇರೋ ಕಡೆ ಕಟ್ತೀವಿ ಕಣ್ರೀ," ಅತ್ತೆಯವರು ಎದ್ದು ನಿಂತರು. "ಹೊಗೆ ಇರೋ ಕೋಣೇಲಿ ಕೂರಬೇಕು ಅಂದ್ರೆ ನಮ್ಮನೇದೇ ವಾಸಿ. ನಡೀರಿ."

ನೀರಿನ ಲೋಟ ತಂದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೀದಿಗೆ ಬಂದ ಮೇಲೆ ಮಾವನವರ ಮುಖದಲ್ಲಿ ಸೋಲಿಗಿಂತ ಹೆಚ್ಚಾಗಿ ಬಿಡುಗಡೆಯೇ ಕಾಣುತ್ತಿತ್ತು. "ಆಯ್ತಲ್ಲ, ಹೋಟ್ಲು ನೋಡಿದ್ದಾಯ್ತು. ಮನೆಗೆ ಹೋಗಿ ಒಂದಿಷ್ಟು ಉಪ್ಪಿಟ್ಟು..." ಎಂದು ಶುರುಮಾಡಿದವರು ಮಾತು ನುಂಗಿಕೊಂಡರು, ಯಾಕೆಂದರೆ ಅಷ್ಟು ಹೊತ್ತಿಗೆ ಅತ್ತೆಯವರು ಅವರನ್ನು ದಾಟಿ ಮುಂದೆ ಹೋಗಿದ್ದರು. ಹೋಗುವಾಗ ಮುಂದಿದ್ದವರು ಬರುವಾಗ ಹಿಂದಾದರು. ನಮ್ಮ ಬೀದಿ ಬಂತು. ಮನೆಯ ಬಾಗಿಲು ಎದುರಿಗೇ ಕಾಣುತ್ತಿತ್ತು. ಅತ್ತೆಯವರು ಅತ್ತ ನೋಡಲೂ ಇಲ್ಲ. ಹೊಂಗೆಮರದ ನೆರಳಿಗೆ ಬಂದು, ಸೀರೆಯ ನಿರಿಗೆ ತುಸು ಎತ್ತಿ ಹಿಡಿದು, ವಾಸಣ್ಣನ ಹೋಟೆಲಿನ ಮೆಟ್ಟಿಲು ಹತ್ತಿದರು.

ಭಾನುವಾರದ ಬೆಳಗಿನಲ್ಲಿ ಆ ಹೋಟೆಲು ನಮ್ಮ ಬೀದಿಯ ಗಂಡಸರ ಸಂಸತ್ತು. ಬೋರನಕಣಿವೆ ಅಣೆಕಟ್ಟಿನಲ್ಲಿ ನೀರೆಷ್ಟಿದೆ ಎಂಬುದರಿಂದ ಹಿಡಿದು ಡೆಲ್ಲಿಯಲ್ಲಿ ಯಾರು ಬೀಳುತ್ತಾರೆ ಎಂಬುದರವರೆಗೆ ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ಅತ್ತೆಯವರು ಒಳಗೆ ಕಾಲಿಟ್ಟದ್ದೇ ತಡ, ಅಷ್ಟೂ ಸದ್ದು ಬಾವಿಗೆ ಬಿದ್ದ ಬಿಂದಿಗೆಯಂತೆ ಮುಳುಗಿತು. ಒಬ್ಬರು ಬೀಡಿ ಆರಿಸಿದರು. ಕಾವಲಿಯ ಮುಂದಿದ್ದ ವಾಸಣ್ಣ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತ. ಮಾವನವರು ಮೆಟ್ಟಿಲ ಕೆಳಗೆ ಉಳಿದಿದ್ದರು. ಒಂದೇ ಒಂದು ಬೆಂಚೂ ಖಾಲಿಯಿರಲಿಲ್ಲ. ಯಾರೂ ಏಳಲಿಲ್ಲ, ಯಾರೂ ಬೇಡವೆನ್ನಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆ ಕ್ಷಣದಲ್ಲಿ ಅತ್ತೆಯವರು ಹಿಂದಿರುಗಿದ್ದರೆ ಅವರು ಮತ್ತೆ ಆ ಬಾಗಿಲಿಗೆ ಬರುತ್ತಿರಲಿಲ್ಲ, ನಾನಂತೂ ಬರುತ್ತಿರಲೇ ಇಲ್ಲ.

ಅತ್ತೆಯವರು ಒಂದೊಂದೇ ಮುಖವನ್ನು ನಿಧಾನವಾಗಿ ನೋಡಿದರು. ಯಾವುದೂ ಹೊಸ ಮುಖವಲ್ಲ. ಎಲ್ಲರೂ ನಮ್ಮ ನಡುಮನೆಯಲ್ಲಿ ಎಲೆ ಮುಂದೆ ಕೂತವರೇ, ಅವರ ಕೈಯ ಹೋಳಿಗೆ ತಿಂದವರೇ. ಕೊನೆಗೆ ಅವರ ನೋಟ, ಮಾವನವರ ಜೊತೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಸಿದ್ರಾಮಣ್ಣನವರ ಮೇಲೆ ನಿಂತಿತು.

"ಸಿದ್ರಾಮಣ್ಣ, ನಮ್ಮನೇಲಿ ನೀನು ಉಣ್ಣುವಾಗೆಲ್ಲ ನಾನು ನಿಂತೇ ಇದ್ದೆ. ಇವತ್ತು ಒಂಚೂರು ಸರ್ಕೊಂಡು ಕೂತ್ಕೊಳಪ್ಪ."

ಸಿದ್ರಾಮಣ್ಣ ಸರಿಯಲಿಲ್ಲ. ಎದ್ದೇ ನಿಂತರು. ಹೆಗಲ ಮೇಲಿನ ಟವೆಲಿನಿಂದ ಬೆಂಚನ್ನು ಒರೆಸಿದರು. "ಕೂತ್ಕೊಳ್ಳವ್ವಾ" ಎಂದರು. ಅವರ ಪಕ್ಕದವರೂ ಎದ್ದರು. ಅತ್ತೆಯವರು ರಸ್ತೆಗೆ ಮುಖ ಮಾಡಿ, ಕಾವಲಿ ಕಾಣುವಂತೆ, ಬೆಂಚಿನ ನಡುವೆ ಕೂತು, "ಬಾರಮ್ಮ" ಎಂದು ನನ್ನನ್ನು ಕರೆದರು, ಆಮೇಲೆ ಬಾಗಿಲ ಕಡೆ ತಿರುಗಿ, "ನೀವೂ ಬರ್ರೀ, ಹೊಸಬ್ರಂಗೆ ಅಲ್ಲೇ ಯಾಕೆ ನಿಂತ್ರಿ?" ಎಂದರು. ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನಿಂದ ಹೋಟೆಲಿಗೆ ಮತ್ತೆ ಜೀವ ಬಂತು. ಮಾವನವರು ತಲೆ ತಗ್ಗಿಸಿಕೊಂಡು ಬಂದು ಎದುರಿಗೆ ಕೂತರು.

ದೋಸೆ ಬಂತು. ಕಾವಲಿಯಿಂದ ಎದ್ದು ನೇರವಾಗಿ ತಟ್ಟೆಗೆ ಬಂದ ದೋಸೆ; ಅದರ ಅಂಚಿನಲ್ಲಿ ತುಪ್ಪ ಇನ್ನೂ ಗುಳ್ಳೆಯೇಳುತ್ತಿತ್ತು. ಅತ್ತೆಯವರು ಅಭ್ಯಾಸದಂತೆ ಬೆರಳಿಟ್ಟು ಮುರಿಯಹೋಗಿ ಫಕ್ಕನೆ ಕೈ ಹಿಂದಕ್ಕೆಳೆದುಕೊಂಡರು. "ಅಯ್ಯಯ್ಯೋ, ಸುಡ್ತೈತೆ!" ಎಂದು ಬೆರಳನ್ನು ಊದಿಕೊಂಡರು. ಮತ್ತೆ ಮುರಿದರು. ಬಾಯಿಗಿಟ್ಟುಕೊಂಡರು. ಗರಗರನೆ ಸದ್ದಾಯಿತು. ಅವರು ಅಗಿಯುವುದನ್ನು ನಿಲ್ಲಿಸಿ, ಆ ಸದ್ದು ತಮ್ಮ ಬಾಯಿಯೊಳಗಿನದೇ ಎಂದು ಖಾತ್ರಿಪಡಿಸಿಕೊಳ್ಳುವವರಂತೆ ಮತ್ತೆ ಅಗಿದರು. ಆಮೇಲೆ ಮಾವನವರನ್ನು ಕೇಳಿದರು:

"ನಾನ್ ಹುಯ್ಯೋ ದೋಸೇನೂ ಹಿಂಗೇ ಇರ್ತೈತೇನ್ರೀ, ಬಿಸೀಲಿ?"

ಮಿತ್ರರೇ, ನಾನು ಎಷ್ಟೋ ಪ್ರಶ್ನೆಪತ್ರಿಕೆಗಳನ್ನು ಬರೆದವಳು. ಅಷ್ಟು ಸಣ್ಣ, ಅಷ್ಟು ದೊಡ್ಡ ಪ್ರಶ್ನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾವಲಿಯ ಮುಂದೆ ನಿಂತವಳ ಪಾಲಿನ ದೋಸೆ ಯಾವತ್ತೂ ಕೊನೆಯದು: ಪಾತ್ರೆಯ ತಳದ ಹಿಟ್ಟನ್ನು ಬಳಿದು ಹುಯ್ದದ್ದು, ಎಲ್ಲರೂ ಎದ್ದ ಮೇಲೆ, ತಟ್ಟೆಗಳನ್ನು ಎತ್ತಿದ ಮೇಲೆ, ತಣ್ಣಗೆ, ಮೆತ್ತಗೆ, ಗೋಡೆಗೊರಗಿ ತಿಂದದ್ದು. ಬೆಂಕಿಗೆ ಅತ್ಯಂತ ಹತ್ತಿರದಲ್ಲಿ ಜೀವಮಾನ ಕಳೆದವರಿಗೆ ಬಿಸಿಯೆಂಬುದು ಕೈಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಅವರು ಮಾಡಿದ ದೋಸೆಯ ನಿಜವಾದ ರುಚಿಯನ್ನು ಮನೆಮಂದಿಯೆಲ್ಲ ಬಲ್ಲರು, ನೆಂಟರು ಬಲ್ಲರು, ಕೊಬ್ಬರಿ ಸುಲಿಯುವವರು ಬಲ್ಲರು, ಮಾಡಿದವರೊಬ್ಬರನ್ನುಳಿದು.

ಹರಾಜಿನಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಲೆಕ್ಕ ಹೇಳುವ ಮಾವನವರು ತಟ್ಟೆಯನ್ನೇ ನೋಡುತ್ತ ಕೂತುಬಿಟ್ಟರು. ಆಮೇಲೆ ತಲೆ ಎತ್ತಿ, ಸಿದ್ರಾಮಣ್ಣನಿಗೂ ಕೇಳುವಂತೆ, ವಾಸಣ್ಣನಿಗೂ ಕೇಳುವಂತೆ ಹೇಳಿದರು: "ಇದಕ್ಕಿಂತ ಚೆನ್ನಾಗಿರ್ತೈತೆ ಕಣೇ."

"ನಾನೂ ತಿಂದಿದ್ದೀನಿ, ಸುಳ್ಳಲ್ಲ" ಎಂದರು ಸಿದ್ರಾಮಣ್ಣ, ನಿಂತಲ್ಲಿಂದಲೇ.

ವಾಸಣ್ಣ ಸೌಟು ಅಲ್ಲಾಡಿಸಿ, "ನನ್ ಹೋಟ್ಲಲ್ಲಿ ಕೂತು ನನಗೇ ಹಿಂಗಂತೀರಲ್ಲ ಸಾವ್ಕಾರ್ರೇ!" ಎಂದು ನಕ್ಕ. ಅತ್ತೆಯವರು ಮಾತ್ರ ಅದಾವುದಕ್ಕೂ ಕಿವಿಗೊಡದೆ, ಕೊನೆಯ ಚೂರನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟು, ಬಲಗೈಯನ್ನು ಮೇಲೆತ್ತಿ, ರಸ್ತೆಗೆ ಕೇಳುವ ಧ್ವನಿಯಲ್ಲಿ ಕೂಗಿದರು: "ವಾಸಣ್ಣ, ಇನ್ನೊಂದು ಹಾಕಪ್ಪ!"

ಎಷ್ಟೋ ವಿಜಯಘೋಷಗಳನ್ನು ನಾನು ಚರಿತ್ರೆಯ ಪಾಠದಲ್ಲಿ ಮಕ್ಕಳಿಗೆ ಓದಿ ಹೇಳಿದ್ದೇನೆ. ಆ ಕೂಗಿಗೆ ಅವು ಸಮನಲ್ಲ. ಇಡೀ ಬದುಕಿನಲ್ಲಿ 'ಇನ್ನೊಂದು ಹಾಕಲಾ?' ಎಂದು ಕೇಳುವುದನ್ನಷ್ಟೇ ಬಲ್ಲ ಗಂಟಲು 'ಇನ್ನೊಂದು ಹಾಕು' ಎಂದು ಹೇಳಿತ್ತು. ಇನ್ನೊಂದು ಬಂತು, ಅದೂ ಸುಡುತ್ತಿತ್ತು. ಈ ಸಲ ಅತ್ತೆಯವರು ಕೈ ಹಿಂದೆಗೆಯಲಿಲ್ಲ.

ಸುದ್ದಿ ನಮಗಿಂತ ಮೊದಲೇ ಬೀದಿಯ ಹಿತ್ತಿಲುಗಳನ್ನೆಲ್ಲ ಸುತ್ತಿಬಂದಿತ್ತು. ಸಂಜೆ ನೀರಿನ ನಲ್ಲಿಯ ಬಳಿ ಪಕ್ಕದ ಮನೆಯ ಪಾರ್ವತಮ್ಮನವರು ಅತ್ತೆಯವರನ್ನು ಹಿಡಿದು ನಿಲ್ಲಿಸಿ, ದನಿ ತಗ್ಗಿಸಿ, "ಎಲ್ಲಾರೂ ಅಂತಾವ್ರೆ, ನಿಜ್ವಾ ಗಂಗಕ್ಕ? ಹೆಂಗಿತ್ತು?" ಎಂದರು. ಯಾರಾದರೂ ಆಡಿಕೊಂಡಾರೆಂದು ನಾನು ಅತ್ತೆಯವರ ಪರವಾಗಿ ಮಾತು ಹೊಸೆಯುತ್ತಿದ್ದೆ. ಅದು ಬೇಕಾಗಲಿಲ್ಲ. "ಬಿಸಿಯಾಗಿತ್ತು ಕಣೇ" ಎಂದರು ಅತ್ತೆಯವರು. ಪಾರ್ವತಮ್ಮನವರು ತುಂಬಿದ ಕೊಡವನ್ನು ಎತ್ತುವುದನ್ನೂ ಮರೆತು ಅದನ್ನೇ ಯೋಚಿಸುತ್ತ ನಿಂತರು.

ಮರುವಾರ ನಾವು ಬಾಗಿಲು ತೆರೆದು ಹೊರಟಾಗ, ಜಗಲಿಯ ಕೆಳಗೆ ಪಾರ್ವತಮ್ಮನವರು ತಲೆ ಬಾಚಿ, ಹೂ ಮುಡಿದು ನಿಂತಿದ್ದರು. ಅವರ ಹಿಂದೆ ಅವರ ನಾದಿನಿ, ಎದುರುಮನೆಯ ಅಜ್ಜಿ, ಕಿಬ್ಬನಹಳ್ಳಿಯಿಂದ ಆ ವಾರ ತವರಿಗೆ ಬಂದಿದ್ದ ಅಜ್ಜಿಯ ಮಗಳು. "ನಾವೂ ಬತ್ತೀವಿ" ಎಂದರು ಪಾರ್ವತಮ್ಮ. ಅತ್ತೆಯವರು ಒಮ್ಮೆ ಎಲ್ಲರನ್ನೂ ನೋಡಿ, "ಹಸ್ಕೊಂಡು ಬಂದಿದ್ದೀರಾ ತಾನೆ?" ಎಂದು ಕೇಳಿ ಮುಂದೆ ನಡೆದರು. ಬೀದಿಯ ತುಂಬ ಬಳೆಯ ಸದ್ದು. ಮೆಟ್ಟಿಲ ಬಳಿ ಯಾರೂ ಅಳುಕಲಿಲ್ಲ. ಒಳಗಿನ ಗಂಡಸರು, ಕಂಡೊಡನೆಯೇ, ಕಾಫಿ ಲೋಟಗಳನ್ನು ಹಿಡಿದು ಎದ್ದರು. ವಾಸಣ್ಣ ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎನ್ನಿಸಿ, ಪೊರಕೆಯಿಂದ ಗುಡಿಸಿ ಸಿದ್ಧಮಾಡಿದ. ನಾಲ್ಕು ಮೇಜಿನಲ್ಲಿ ಎರಡು ನಮ್ಮವಾದವು. ಎದುರುಮನೆಯ ಅಜ್ಜಿ ಮೊದಲ ತುತ್ತಿಗೇ ಬಾಯಿ ಸುಟ್ಟುಕೊಂಡು ನಗತೊಡಗಿದರು, ಅವರ ನಗು ಎಲ್ಲರಿಗೂ ಹತ್ತಿತು, ನಗುನಗುತ್ತ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು.

ಮಾವನವರಿಗೆ ಆ ದಿನ ಒಳಗೆ ಜಾಗ ಸಿಗಲಿಲ್ಲ. ತಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊಂಗೆಮರದ ಕೆಳಗೆ ನಿಂತೇ ದೋಸೆ ತಿನ್ನುತ್ತಿದ್ದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲ್ಕುರಿಕೆಯ ಪರಿಚಿತರೊಬ್ಬರು ಕಾಲೂರಿ ನಿಂತು, "ಇದೇನ್ ನಂಜುಂಡಪ್ಪ, ಸಾವ್ಕಾರ ಆದೋನು ಬೀದೀಲಿ ನಿಂತು ತಿಂತಿದ್ದೀಯಲ್ಲ?" ಎಂದು ಕೇಳಿದರು.

ಮಾವನವರು ಬಾಯಲ್ಲಿದ್ದುದನ್ನು ನುಂಗಿ, ಒಳಗಿನ ನಗುವಿಗೆ ಒಮ್ಮೆ ಕಿವಿಗೊಟ್ಟು, ಎದೆಯುಬ್ಬಿಸಿ ಹೇಳಿದರು: "ಒಳಗೆ ಜಾಗ ಇಲ್ಲ ಕಣಯ್ಯ. ನಮ್ಮನೆಯವ್ಳು ಊಟಕ್ಕೆ ಕೂತವ್ಳೆ."