ಮುಂದಿನ ಸೀಟಿನ ಪದ್ದು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಹೊಸಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿಕೊಂಡು ಬಂದವಳು. ನೀರಿನ ಟಾಕಿಯ ಹತ್ತಿರ ಯಾರೋ ಕರೆದಂತಾಯಿತು ಎಂದು ಹುಡುಗಿಯರು ಹೆದರಿ ಓಡಿಬಂದರೆ, ಅದು ಗಾಳಿ, ಪ್ರತಿಧ್ವನಿ, ಮತ್ತೆ ನಿಮ್ಮ ಹೆದರಿದ ಕಿವಿ ಎಂದು ಬಿಡಿಸಿ ಹೇಳಿ ಕಳಿಸುತ್ತಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ಕೆಲವು ತಿಂಗಳು ಇದ್ದು ಹೋದ ಒಂದು ಹಳೇ ಕಾರಿನ ವಿಷಯ ಬಂದರೆ ನಾನು ಸುಮ್ಮನಾಗುತ್ತೇನೆ. ಓದಿದವರಿಗೆ ಏನಾದರೂ ಹೊಳೆದರೆ ಹೊಳೆಯಲಿ. ನನಗಂತೂ ಹೊಳೆದಿಲ್ಲ.

ಗಣಿ ಜೋರಾಗಿದ್ದ ಕಾಲ ಅದು. ನಮ್ಮವರು ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಅವರ ತಮ್ಮ ಪಂಪಣ್ಣ ಸಂಡೂರಿನಲ್ಲಿದ್ದ. ನಿನ್ನೆ ಮೊನ್ನೆಯ ತನಕ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು ಒಂದು ಟಿಪ್ಪರ್ ಕೊಂಡ, ಅದರ ಹಿಂದೆ ಇನ್ನೊಂದು, ಮತ್ತೊಂದು. ಒಂದು ದಿನ ಹೊಸ ಕಾರಿನಲ್ಲಿ ಹೆಂಡತಿ ರೇಣುಕಾಳನ್ನು ಕೂರಿಸಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತ. ಎಲ್ಲರೂ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬರೋಣ ಎಂದ. ಸೀಟುಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೆಯೇ ಇತ್ತು. ನಾನು ಹತ್ತಲು ಹೋದಾಗ ರೇಣುಕಾ ತಿರುಗಿ ನೋಡಿ, "ಅಕ್ಕಾರೆ, ಚಪ್ಲಿ ಒಂದೀಟು ಝಾಡಿಸ್ಕೊಂಡು ಕುಂದ್ರಿ," ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವಳ ಸ್ವಭಾವವೇ ಅದು. ಆದರೆ ಹಂಪಿ ಬಜಾರ್ ಮುಟ್ಟುವ ತನಕ ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳು ಮುಂದೆ, ಗಂಡನ ಪಕ್ಕ. ಗಂಡ ಏನೋ ಹೇಳಿದರೆ ನಗುವುದು, ಕೈಬಳೆ ಸರಿಮಾಡಿಕೊಳ್ಳುವುದು. ಹತ್ತನೆಯ ತರಗತಿಗೇ ಓದು ಬಿಟ್ಟವಳು ಎಂದು ನನ್ನೊಳಗೇ ಅಂದುಕೊಂಡೆ. ದೇವರ ಮುಂದೆ ನಿಂತಾಗಲೂ ಅದೇ ತಲೆಯಲ್ಲಿತ್ತು.

ಮನೆಗೆ ಬಂದವಳೇ ನಮಗೂ ಒಂದು ಕಾರು ಬೇಕು ಎಂದು ಹಟ ಹಿಡಿದೆ. ಹೊಸದು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಹಳೆಯದನ್ನು ನೋಡೋಣ ಎಂದು ನಮ್ಮವರು ಒಪ್ಪಿದರು.

ನಮ್ಮವರು ಬದನೆಕಾಯಿಯನ್ನೂ ತಿರುಗಿಸಿ ಮುರುಗಿಸಿ ನೋಡಿ ತರುವ ಮನುಷ್ಯ. ಹಳೇ ಗಾಡಿ ಕೊಳ್ಳುವಾಗ ಏನೇನು ನೋಡಬೇಕೆಂದು ಕಂಡಕಂಡವರನ್ನು ಕೇಳಿ ತಲೆಯಲ್ಲಿ ತುಂಬಿಕೊಂಡರು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಬೇಕು. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ತಯಾರಿ ಮಾಡಿದ್ದಾರೆ ಅಂತ ಅರ್ಥ. ಹೊಗೆಯ ಬಣ್ಣ, ಆಯಿಲಿನ ಬಣ್ಣ ನೋಡಬೇಕು. ಬಾಗಿಲಿನ ರಬ್ಬರ್ ಎಳೆದರೆ ಒಳಗೆ ಬೇರೆ ಬಣ್ಣ ಕಂಡರೆ ಎಲ್ಲೋ ಗುದ್ದಿ ಮತ್ತೆ ಪೇಂಟ್ ಹೊಡೆಸಿದ್ದು. ಟಾಯರ್ ಒಂದೇ ಕಡೆ ಸವೆದಿದ್ದರೆ ಚಾಸಿ ಓರೆಯಾಗಿರಬಹುದು. ನಮ್ಮ ಕಡೆ ಇನ್ನೊಂದು ಪರೀಕ್ಷೆ ಇತ್ತು. ಕಾಲಡಿಯ ಕಾರ್ಪೆಟ್ ಎತ್ತಿ ನೋಡುವುದು. ಗಣಿಯಲ್ಲಿ ಓಡಿದ ಗಾಡಿಯನ್ನು ಎಷ್ಟು ತೊಳೆದರೂ ಅಲ್ಲಿ ಕೆಂಪು ಮಣ್ಣು ಇದ್ದೇ ಇರುತ್ತದೆ. ಹೀಗೆ ನೋಡಿ ನೋಡಿ ನಮ್ಮವರು ಬಹಳ ಗಾಡಿಗಳನ್ನು ಬೇಡವೆಂದರು.

ಕಡೆಗೆ ಸ್ಟೇಷನ್ ರಸ್ತೆಯ ದಲ್ಲಾಳಿಯೊಬ್ಬ ಒಂದು ಬಿಳಿ ಕಾರು ತೋರಿಸಿದ. ಕಾರ್ಪೆಟ್ ಕೆಳಗೆ ಸ್ವಚ್ಛ. ರಬ್ಬರ್ ಕೆಳಗೂ ಅದೇ ಬಿಳಿ. ಎಂಜಿನ್ ನಂಬರು ಕಾಗದಕ್ಕೆ ಸರಿಯಾಗಿತ್ತು. ಆದರೆ ಗಾಡಿಯ ಹಿಂದಿನ ಕಥೆ ಮಾತ್ರ ಅಷ್ಟಕ್ಕಷ್ಟೆ. ಹೊರಗಿನಿಂದ ಹರಾಜಿನಲ್ಲಿ ಬಂದದ್ದು, ನಡುವೆ ಕೊಂಡವನೂ ಒಬ್ಬ ವ್ಯಾಪಾರಿಯೇ, ಅದಕ್ಕೂ ಹಿಂದೆ ಯಾರು ಓಡಿಸಿದರೆಂಬುದು ದಲ್ಲಾಳಿಗೂ ಗೊತ್ತಿರಲಿಲ್ಲ. ನಮ್ಮವರು ಹಿಂದೆ ಮುಂದೆ ನೋಡಿದರು. "ಎಲ್ಲಾ ಚಲೋ ಐತಿ, ಆದ್ರ ಯಾರ ಕೈಯಾಗಿತ್ತು ಅಂತ ಗೊತ್ತಾಗವಲ್ದಲ್ಲ," ಎಂದರು. ಮುಂದಿನ ಭಾನುವಾರ ಸಂಡೂರಿನಲ್ಲಿ ರೇಣುಕಾಳ ಮನೆಯ ಮುಂದೆ ಕಾರಿನಿಂದ ಇಳಿಯುವ ಚಿತ್ರ ಆಗಲೇ ನನ್ನ ಕಣ್ಣಿಗೆ ಕಟ್ಟಿತ್ತು. ಯಾರದಾಗಿದ್ದರೇನು, ಕೊಳ್ಳಿರಿ ಎಂದೆ.

ಆ ಭಾನುವಾರ ಸಂಡೂರಿಗೆ ಹೊರಟೆವು. ನಾನು ಮುಂದಿನ ಸೀಟಿನಲ್ಲಿ, ಗ್ಲಾಸು ಪೂರ್ತಿ ಇಳಿಸಿಕೊಂಡು, ಮೊಣಕೈ ಕಿಟಕಿಯ ಮೇಲಿಟ್ಟು ಕೂತಿದ್ದೆ. ಘಾಟಿ ಏರುವಾಗ ಎದುರಿನಿಂದ ಅದಿರಿನ ಲಾರಿಗಳ ಸಾಲು ಬಂತು. ಮೊದಲ ಲಾರಿ ದಾಟುವ ಮುಂಚೆ ನಮ್ಮವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಪದ್ದೂ, ಗ್ಲಾಸ್ ಏರಿಸ್ಕೋ. ಧೂಳ ನಿನಗ ಆಗಿಬರಂಗಿಲ್ಲ."

ನನ್ನ ಹೆಸರು ಪದ್ದು ಅಲ್ಲ. ಪದ್ಮಾ, ಪದ್ಮಾವತಿ, ಯಾವುದೂ ಅಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ನಾಟಿದ್ದು ಹೆಸರಿಗಿಂತ ಧ್ವನಿ. ಹೇಗೆ ಹೇಳಲಿ. ಮಲಗಿರುವ ಕೂಸಿನ ಪಕ್ಕ ಮಾತಾಡುವಾಗ ಬರುವಂಥ ಧ್ವನಿ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಮ್ಮವರು ನನ್ನ ಜೊತೆ ಒಂದು ದಿನವೂ ಹಾಗೆ ಮಾತಾಡಿರಲಿಲ್ಲ. ಅವರು ಒಳ್ಳೆಯವರು. ಜ್ವರ ಬಂದರೆ ಮಾತ್ರೆ ತಂದು ಮೇಜಿನ ಮೇಲೆ ಇಟ್ಟು ಹೋಗುವ ಥರದ ಒಳ್ಳೆಯವರು.

"ಯಾರು ಪದ್ದು?" ಎಂದೆ.

"ಯಾವ ಪದ್ದು?" ಎಂದರು.

"ಈಗ ಅಂದ್ರೆಲ್ಲ."

"ನಾ ಏನೂ ಅಂದಿಲ್ಲ. ಲಾರಿ ಸಪ್ಪಳದಾಗ ನಿನಗೇನೋ ಕೇಳ್ಸಿರಬೇಕು."

ಸಂಡೂರು ಮುಟ್ಟಿದಾಗ ರೇಣುಕಾ ಹೊರಗೆ ಬಂದು ಕಾರನ್ನು ಸುತ್ತು ಹಾಕಿ, ಭಾಳ ಚೆಂದ ಐತ್ರಿ ಅಕ್ಕಾರೆ ಎಂದಳು. ಅದನ್ನು ಕೇಳಲೆಂದೇ ಹೋಗಿದ್ದವಳಿಗೆ ಅದು ಕಿವಿಗೇ ಬೀಳಲಿಲ್ಲ. ಆ ದಿನದಿಂದ ನನ್ನ ಹೊಟ್ಟೆಕಿಚ್ಚು ರೇಣುಕಾಳನ್ನು ಬಿಟ್ಟು ಪದ್ದುವನ್ನು ಹಿಡಿಯಿತು.

ಯಾರವಳು? ಕಚೇರಿಯಲ್ಲಿ ಇದ್ದಾಳೆಯೇ? ಏನೋ ನೆಪ ಮಾಡಿಕೊಂಡು ಕಾಲುವೆ ಕಚೇರಿಗೆ ಹೋಗಿ ನೋಡಿದೆ. ಇದ್ದದ್ದು ನಿವೃತ್ತಿಗೆ ಹತ್ತಿರವಾದ ಇಬ್ಬರು ಹೆಂಗಸರು, ಇಬ್ಬರ ಹೆಸರೂ ಬೇರೆ. ಮದುವೆಗೆ ಮುಂಚೆ ಯಾರಾದರೂ ಇದ್ದಳೇ ಎಂದು ಅತ್ತೆಯವರನ್ನು ಸುತ್ತು ಬಳಸಿ ಕೇಳಿದೆ. "ಅವನ ಮುಖಕ್ಕ ನಿನ್ನ ಹುಡುಕೂದ್ರಾಗ ಸಾಕಾಗಿತ್ತು," ಎಂದರು. ಆಮೇಲೆ ಕಾರಿನಲ್ಲಿ ನಮ್ಮವರ ಬಾಯಿಂದ ಆ ಮಾತು ಮತ್ತೊಮ್ಮೆ ಬಂತು, ತೋರಣಗಲ್ಲಿನ ಹಾದಿಯಲ್ಲಿ. ಅದೇ ಹೆಸರು, ಅದೇ ಧೂಳಿನ ಮಾತು. ನಾನು ಅತ್ತುಬಿಟ್ಟೆ. ನಮ್ಮವರು ಗಾಡಿ ಬದಿಗೆ ಹಾಕಿ, ತಲೆ ಹಿಡಿದುಕೊಂಡು, "ನಿನಗೇನಾಗೇದ?" ಎಂದು ನನ್ನನ್ನೇ ಕೇಳಿದರು. ಆ ಕಣ್ಣುಗಳಲ್ಲಿ ಕಳ್ಳತನವಿರಲಿಲ್ಲ. ಅದರಿಂದ ಇನ್ನೂ ಸಿಟ್ಟು ಬಂತು. ಮನೆಯ ಗುಟ್ಟು ಎಂದು ಇದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಪಂಪಣ್ಣನಿಗಾಗಲಿ ರೇಣುಕಾಳಿಗಾಗಲಿ ಆ ಹೆಸರು ಗೊತ್ತಾಗುವ ದಾರಿಯೇ ಇರಲಿಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಬೇಸಿಗೆಯಲ್ಲಿ ಮೆಟ್ರಿಯಲ್ಲಿ ಸಂಬಂಧಿಕರ ಮದುವೆ. ಪಂಪಣ್ಣನ ಕಾರು ಸರ್ವೀಸಿಗೆ ಹೋಗಿತ್ತೆಂದು ನಾಲ್ವರೂ ನಮ್ಮ ಕಾರಿನಲ್ಲೇ ಹೋದೆವು. ಊಟ ಮುಗಿಸಿ ಮಧ್ಯಾಹ್ನ ಹೊರಟಾಗ ನಮ್ಮವರಿಗೆ ಹೋಳಿಗೆಯ ಜಡ. ಪಂಪಣ್ಣ, "ಕೊಡಣ್ಣಾ ಚಾವಿ, ನಾ ಹೊಡಿತೀನಿ," ಎಂದ. ರೇಣುಕಾ ಮುಂದೆ ಕೂತಳು, ನಾವಿಬ್ಬರೂ ಹಿಂದೆ. ಕಂಪ್ಲಿ ಕಡೆಯ ರಸ್ತೆಗೆ ಸೇರುವ ಮುಂಚೆ ಕಾಲುವೆಯ ಪಕ್ಕ ಒಂದಿಷ್ಟು ಮಣ್ಣಿನ ದಾರಿ. ಎದುರಿಗೆ ಭತ್ತದ ಹುಲ್ಲು ಹೇರಿಕೊಂಡ ಟ್ರಾಕ್ಟರ್ ಧೂಳೆಬ್ಬಿಸುತ್ತ ಬರುತ್ತಿತ್ತು. ಪಂಪಣ್ಣ ಗೇರ್ ಇಳಿಸಿ ಹೇಳಿದ:

"ಪದ್ದೂ, ಗ್ಲಾಸ್ ಏರಿಸ್ಕೋ. ಧೂಳ ನಿನಗ ಆಗಿಬರಂಗಿಲ್ಲ."

ಅದೇ ಧ್ವನಿ. ಪಂಪಣ್ಣನದು ಟಿಪ್ಪರಿನವರ ಜೊತೆ ಕೂಗಿ ಕೂಗಿ ಒಡೆದ ಗಂಟಲು. ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ಬಂದೀತೆಂದು ಯಾರೂ ನಂಬಲಾರರು. ಪಕ್ಕದಲ್ಲಿ ನಮ್ಮವರು ನಿದ್ದೆಯಿಂದ ನೆಟ್ಟಗೆ ಕೂತರು. ನನ್ನ ಕೈ ಹಿಡಿದು ಒತ್ತಿದರು. ಅವರಿಗೂ ಕೇಳಿಸಿತ್ತು.

ರೇಣುಕಾ ತಣ್ಣಗೆ, "ಗಾಡಿ ನಿಲ್ಸ್ರಿ," ಎಂದಳು. ಇಳಿದು ಕಾಲುವೆಯ ಏರಿಯ ಮೇಲೆ ಹೋಗಿ ನಿಂತಳು. ಪಂಪಣ್ಣ ಹಿಂದೆಯೇ ಓಡಿದ. "ಏನಾತು? ಏನಂದೆ ನಾ?"

"ಯಾರಕಿ ಪದ್ದು?"

"ಯಾ ಪದ್ದು? ವಿರೂಪಾಕ್ಷನ ಆಣಿ, ನಾ ಬಾಯೇ ತಗದಿಲ್ಲ. ಅತ್ತಿಗೀ, ನೀವರ ಹೇಳ್ರಿ."

ನಾನೂ ಇಳಿದೆ. ಏರಿ ಹತ್ತಿ ಹೋಗಿ ರೇಣುಕಾಳ ಹೆಗಲ ಮೇಲೆ ಕೈಯಿಟ್ಟೆ. "ನಮ್ಮನ್ಯಾಗೂ ಇದಾ ಆಗೇದ," ಎಂದೆ. ಅವಳು ನನ್ನ ಮುಖ ನೋಡಿದಳು. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಹಾಗೆ ನೋಡಿದ್ದು ಅದೇ ಮೊದಲು. ವಾಪಸು ಬರುವಾಗ ಗ್ಲಾಸುಗಳನ್ನೆಲ್ಲ ಏರಿಸಿಕೊಂಡು, ಸೆಕೆಯಲ್ಲಿ ಬೇಯುತ್ತ ಬಂದೆವು.

ಮರುದಿನ ನಾನೂ ನಮ್ಮವರೂ ದಲ್ಲಾಳಿಯ ಹತ್ತಿರ ಹೋದೆವು. ನಮ್ಮವರು ನಾಚಿಕೆಯಿಂದಲೇ ಕೇಳಿದರು, ಈ ಗಾಡಿಯಲ್ಲಿ ಏನಾದರೂ ಆಗಿತ್ತೇ, ಯಾರಾದರೂ ತೀರಿಕೊಂಡಿದ್ದರೇ ಎಂದು. ಆತ ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ, "ಗುದ್ದಿದ ಗುರ್ತು ಒಂದ್ ಇದ್ರ ತೋರಸ್ರಿ ಸಾಹೇಬ್ರ. ಗಾಡಿದು ಕೇಳ್ರಿ, ಹೇಳ್ತೀನಿ. ಒಳಗ ಕುಂತು ಎದ್ದು ಹೋದೋರ್ದು ನನಗೇನ್ ಗೊತ್ತ್ರಿ?" ಎಂದ. ಅವನಿಗೆ ಮಾರಿದ ವ್ಯಾಪಾರಿಯನ್ನು ವಿಚಾರಿಸಿದ್ದೂ ಆಯಿತು. ಅವನಿಗೂ ಅಷ್ಟೇ ಗೊತ್ತು. ಪದ್ದು ಯಾರು, ಅವಳಿಗೆ ಧೂಳು ಏಕೆ ಆಗಿಬರುತ್ತಿರಲಿಲ್ಲ, ಬದುಕಿದ್ದಾಳೋ ಇಲ್ಲವೋ, ಒಂದೂ ತಿಳಿಯಲಿಲ್ಲ.

ಇನ್ನು ಮುಂದಿನದನ್ನು ಹೇಳಲು ಸ್ವಲ್ಪ ಮುಜುಗರ. ಹೆದರಿಕೆ ನನಗೆ ಹೆಚ್ಚು ದಿನ ಉಳಿಯಲಿಲ್ಲ. ಗಂಡನ ಮೇಲಿನ ಅನುಮಾನ ಹೋಗಿತ್ತು. ಉಳಿದದ್ದು ಅವಳ ಮೇಲಿನ ಉರಿ. ಎಂಥ ಹೆಂಗಸಿರಬೇಕು ಅವಳು? ಒಂದು ಕಿಟಕಿಯ ಗ್ಲಾಸಿನ ಮಾತನ್ನು ಅಷ್ಟು ಅಕ್ಕರೆಯಿಂದ ಹೇಳಿಸಿಕೊಂಡವಳು? ನನಗೆ ಆ ಮಾತು ಮತ್ತೆ ಕೇಳಬೇಕೆನಿಸತೊಡಗಿತು. ಭಾನುವಾರ ಬಂದರೆ, ರೇಣುಕಾಳನ್ನು ನೋಡಿ ಬರೋಣ ಎಂದು ಹೊರಡಿಸುತ್ತಿದ್ದೆ. ಘಾಟಿಯಲ್ಲಿ ಗ್ಲಾಸು ಇಳಿಸಿ, ಸೀರೆಗೆ ಕೆಂಪು ಧೂಳು ಹತ್ತಿದರೂ ಪರವಾಗಿಲ್ಲವೆಂದು ಕಾಯುತ್ತಿದ್ದೆ. ಆ ಮಾತು ಎಲ್ಲ ಸಲವೂ ಬರುತ್ತಿರಲಿಲ್ಲ. ಬಂದ ದಿನ ಕಣ್ಣು ಮುಚ್ಚಿಕೊಂಡು ಗ್ಲಾಸು ಏರಿಸುತ್ತಿದ್ದೆ, ನಾನೇ ಅವಳು ಎಂಬಂತೆ. ಆ ರಾತ್ರಿ ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ಹಾಡಿಕೊಳ್ಳುತ್ತಿದ್ದೆನಂತೆ. ಹಾಗೆಂದವರು ನಮ್ಮವರೇ.

ಅವರು ಎಲ್ಲವನ್ನೂ ಗಮನಿಸಿದ್ದರು. ಮೆಟ್ರಿಯ ದಾರಿಯಲ್ಲಿ ಆ ಧ್ವನಿಯನ್ನು ಅವರೂ ಕೇಳಿದ್ದರಲ್ಲ. ಒಂದು ಭಾನುವಾರ ನಾನು ಹೊರಡೋಣವೇ ಎಂದಾಗ ಅವರು ಚಾವಿ ತೆಗೆದುಕೊಳ್ಳಲಿಲ್ಲ, ಏಳಲೂ ಇಲ್ಲ.

"ನೀ ನನ್ನ ಬಾಜೂ ಕುಂದ್ರಾಕ ಬರಾಕತ್ತಿಲ್ಲ," ಎಂದರು. "ಅವನ ಬಾಜೂ ಕುಂದ್ರಾಕ ಬರ್ತಿ."

"ಯಾವನ ಬಾಜೂರೀ? ಅಲ್ಲಿ ಯಾರದಾರ?"

"ಅದಾ ನಂಗೂ ಗೊತ್ತಿಲ್ಲ. ನನ್ನ ಬಾಯಿ, ನನ್ನ ಗಂಟ್ಲ. ಮಾತ ಮಾತ್ರ ನಂದಲ್ಲ. ನಿನ್ನ ಮುಖ ಅರಳೂದು ಆ ಮಾತಿಗೆ."

ಅವರು ಕೂಗಾಡುವವರಲ್ಲ. ಅಂದೂ ಕೂಗಲಿಲ್ಲ. ಆ ವಾರವೇ ನಾನು ಶಾಲೆಯಿಂದ ಬರುವಷ್ಟರಲ್ಲಿ ಮನೆಯ ಮುಂದಿನ ಜಾಗ ಖಾಲಿಯಾಗಿತ್ತು. ಕಾರು ದೂರದೂರಿನ ಯಾರದೋ ಪಾಲಾಗಿತ್ತು. ಕೆಲವು ದಿನ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಗಣಿಯ ಆ ಅಬ್ಬರವಿಲ್ಲ. ಪಂಪಣ್ಣ ಟಿಪ್ಪರ್ ಮಾರಿ ಟಾಯರ್ ಅಂಗಡಿ ಇಟ್ಟಿದ್ದಾನೆ. ರೇಣುಕಾ ನನಗೆ ಒಡಹುಟ್ಟಿದವಳ ಹಾಗಾಗಿದ್ದಾಳೆ, ಆ ಕಾಲುವೆ ಏರಿಯ ಮಧ್ಯಾಹ್ನದಿಂದ. ಇದನ್ನು ಬರೆಯಲು ಕೂತಾಗ, ಮೊನ್ನೆ, ನಮ್ಮವರನ್ನು ಕೇಳಿದೆ. "ಖರೇ ಹೇಳ್ರಿ. ಒಂದ್ ಸಲಾನೂ ನಿಮಗ ಗೊತ್ತಾಗ್ಲಿಲ್ಲೇನು, ಆ ಕಾರಿನಾಗ ಮಾತಾಡಾಕತ್ತೀನಿ ಅಂತ?"

ಅವರು ಓದುತ್ತಿದ್ದ ಪೇಪರನ್ನು ಮಡಚಿಟ್ಟರು. "ಒಂದ್ ಸಲ ಗೊತ್ತಿತ್ತು," ಎಂದರು. "ಕಡೀ ಸಲ ಘಾಟಿಗೆ ಹೋದಾಗ. ಅವತ್ತ ಅಂದದ್ದು ನಾನಾ."

"ಪದ್ದೂ ಅಂತ?"

"ಅಲ್ಲ. ನಿನ್ನ ಹೆಸರು ಹಿಡದು. ಧೂಳ ಬರ್ತದ, ಗ್ಲಾಸ್ ಏರಿಸ್ಕೋ ಅಂದೆ. ನನಗ ಎಷ್ಟ್ ಮೆತ್ತಗ ಆಗ್ತದೋ ಅಷ್ಟ್ ಮೆತ್ತಗ ಅಂದೆ. ಎರಡು ಸಲ ಅಂದೆ. ನೀ ತಿರುಗಿ ನೋಡ್ಲಿಲ್ಲ."

ಎಷ್ಟು ತಿಣುಕಿದರೂ ನನಗೆ ಆ ಭಾನುವಾರ ನೆನಪಾಗುವುದಿಲ್ಲ. ಪದ್ದುವಿಗೆ ಹೇಳಿದ ಒಂದೊಂದು ಸಲದ ಮಾತೂ, ಯಾವ ತಿರುವು, ಎಂಥ ಬಿಸಿಲು ಎಂಬುದರ ಸಮೇತ ನೆನಪಿದೆ. ಒಂದು ಕೈಯಳತೆಯ ದೂರದಲ್ಲಿ ಕೂತು ನನ್ನ ಗಂಡ ನನ್ನ ಹೆಸರು ಹಿಡಿದು ಕರೆದದ್ದು ಮಾತ್ರ ನನಗೆ ಕೇಳಿಸಿಯೇ ಇಲ್ಲ. ಆ ಕಾರಿನಲ್ಲಿ ಮಾತಾಡಿದ್ದು ಯಾರು ಎಂದು ಇಷ್ಟು ವರ್ಷ ತಲೆಕೆಡಿಸಿಕೊಂಡಿದ್ದೆ. ಅಲ್ಲಿ ಕೇಳಿಸಿಕೊಳ್ಳುತ್ತ ಕೂತಿದ್ದವಳು ಯಾರು ಎಂಬುದೂ ಈಗ ನನಗೆ ಗೊತ್ತಾಗುತ್ತಿಲ್ಲ.